ಮನೆ ಲೆಕ್ಕ, ಟ್ಯಾಕ್ಸ್ ರಿಟರ್ನ್: ಸಾಫ್ಟ್‌ವೇರ್‌ಗೆ ದುಡ್ಡು ಕೊಡುವ ಮುಂಚೆ

ಜೂನ್ ಬಂದರೆ ಸಾಕು, ಓದುಗರಿಂದ ಇದೇ ಪ್ರಶ್ನೆಗಳು. ‘ರಿಟರ್ನ್ ಫೈಲ್ ಮಾಡೋಕೆ ಯಾವ ಆ್ಯಪ್ ಚೆನ್ನಾಗಿದೆ?’ ‘ಮನೆ ಖರ್ಚೂ ಅದರಲ್ಲೇ ಬರೀಬಹುದಾ?’ ‘ಟ್ಯಾಲಿ ತಗೊಳ್ಳಲಾ?’ ಮೂರಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸಂಬಳ ಮತ್ತು ಬ್ಯಾಂಕ್ ಬಡ್ಡಿ ಬಿಟ್ಟು ಬೇರೆ ಆದಾಯ ಇಲ್ಲ ಅಂದರೆ ನೀವು ಏನನ್ನೂ ಕೊಳ್ಳಬೇಕಾಗಿಲ್ಲ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ಮತ್ತು ಒಂದು ಎಕ್ಸೆಲ್ ಶೀಟ್ ಸಾಕು. ಷೇರು ಮಾರಿದ್ದೀರಿ, ವಿದೇಶಿ ಕಂಪನಿಯ ಷೇರು ಸಿಕ್ಕಿದೆ, ಊರಲ್ಲಿ ತೋಟ ಇದೆ, ವರ್ಷದ ಮಧ್ಯೆ ಕೆಲಸ ಬದಲಿಸಿದ್ದೀರಿ ಅನ್ನುವವರಿಗೆ ಮಾತ್ರ ಹುಡುಕಾಟದ ಅಗತ್ಯ. ಅವರೂ ಆ ಕಷ್ಟದ ಭಾಗಕ್ಕೆ ಮಾತ್ರ ದುಡ್ಡು ಕೊಟ್ಟರೆ ಸಾಕು.

ಉದಾಹರಣೆಗಳೆಲ್ಲ 2025-26ನೇ ಹಣಕಾಸು ವರ್ಷದವು. ಅಂದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರೊಳಗೆ ಬಂದ ಆದಾಯ. ಪೋರ್ಟಲ್‌ನಲ್ಲಿ ಇದಕ್ಕೆ ಅಸೆಸ್‌ಮೆಂಟ್ ವರ್ಷ, ಅಂದರೆ ಆದಾಯ ಬಂದ ವರ್ಷದ ಮುಂದಿನ ವರ್ಷ, 2026-27 ಎಂದು ಆರಿಸಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಅದರಲ್ಲಿ ‘ತೆರಿಗೆ ವರ್ಷ’ ಅನ್ನುವ ಒಂದೇ ಹೆಸರು. ಆದರೆ ಅದಕ್ಕೂ ಮುಂಚಿನ ಆದಾಯಕ್ಕೆ 1961ರ ಹಳೇ ಕಾಯ್ದೆಯೇ ಅನ್ವಯ. ಸಾಫ್ಟ್‌ವೇರ್ ಇವೆರಡನ್ನು ಕಲಸಿಬಿಟ್ಟಿದ್ದರೆ ಅಲ್ಲಿಗೇ ಅದನ್ನು ಬಿಡಿ.

1. ಎರಡು ಕೆಲಸವನ್ನೂ ಬೇರೆ ಮಾಡಿ

ಮನೆ ಲೆಕ್ಕ ವರ್ಷಪೂರ್ತಿ ನಡೆಯುವ ಕೆಲಸ. ರಿಟರ್ನ್ ವರ್ಷಕ್ಕೊಮ್ಮೆ. ಹಾಲು, ತರಕಾರಿ, ಪೆಟ್ರೋಲ್, ಗ್ಯಾಸ್ ಸಿಲಿಂಡರ್ ಎಂದು ನೀವು ಬರೆಯುವ ನೂರಾರು ಸಾಲುಗಳಲ್ಲಿ ರಿಟರ್ನ್‌ಗೆ ಬೇಕಾಗುವುದು ಕೆಲವೇ ಕೆಲವು. ಎರಡನ್ನೂ ಚೆನ್ನಾಗಿ ಮಾಡುವ ಒಂದೇ ಆ್ಯಪ್ ನಮ್ಮ ದೇಶದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದರಲ್ಲಿ ಗಟ್ಟಿ ಇದ್ದರೆ ಇನ್ನೊಂದರಲ್ಲಿ ಅರ್ಧಂಬರ್ಧ.

ಟ್ಯಾಲಿ ಬೆಂಗಳೂರಿನ ಕಂಪನಿಯದೇ, ಒಳ್ಳೆಯ ಸಾಫ್ಟ್‌ವೇರೇ. ಆದರೆ ಅದು ಅಂಗಡಿ, ಕಾರ್ಖಾನೆ, ಜಿಎಸ್‌ಟಿ ಇರುವವರಿಗೆ. ಸಂಬಳದಾರರ ರಿಟರ್ನ್ ತುಂಬುವುದು ಅದರ ಕೆಲಸವಲ್ಲ. ಮನೆಗೆ ಬೇಡ.

ಇನ್ನೊಂದು ಮಾತು. ಮನೆ ಲೆಕ್ಕ ಗಂಡ ಹೆಂಡತಿಗೆ ಒಂದೇ ಇರಬಹುದು, ರಿಟರ್ನ್ ಮಾತ್ರ ಪ್ಯಾನ್‌ಗೊಂದು. ಅಮೆರಿಕದಲ್ಲಿರುವಂತೆ ದಂಪತಿಗಳ ಜಂಟಿ ರಿಟರ್ನ್ ನಮ್ಮಲ್ಲಿಲ್ಲ. ಹೆಂಡತಿಗೆ ನೀವೇ ದುಡ್ಡು ಕೊಟ್ಟು ಅವರ ಹೆಸರಲ್ಲಿ ಎಫ್‌ಡಿ ಇಟ್ಟಿದ್ದರೆ ಆ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ. ಸಾಫ್ಟ್‌ವೇರ್‌ಗೆ ಇದು ತಾನಾಗಿ ಗೊತ್ತಾಗುವುದಿಲ್ಲ, ನೀವೇ ಸೇರಿಸಬೇಕು.

2. ನಿಮ್ಮದು ಯಾವ ಐಟಿಆರ್ ಎಂದು ತಿಳಿದುಕೊಳ್ಳಿ

ಐಟಿಆರ್ ಅಂದರೆ ರಿಟರ್ನ್ ಫಾರಂ. ಯಾವ ಸಾಫ್ಟ್‌ವೇರ್ ಬೇಕು ಅನ್ನುವುದನ್ನು ನಿರ್ಧರಿಸುವುದು ಇದೇ.

ಐಟಿಆರ್-1ಕ್ಕೆ ‘ಸಹಜ್’ ಎಂದೂ ಹೆಸರು. ಭಾರತದಲ್ಲೇ ವಾಸಿಸುವ, ಒಟ್ಟು ಆದಾಯ 50 ಲಕ್ಷ ಮೀರದ ಸಂಬಳದಾರರಿಗೆ, ಪಿಂಚಣಿದಾರರಿಗೆ. ಲಿಸ್ಟೆಡ್ ಷೇರು ಅಥವಾ ಈಕ್ವಿಟಿ ಫಂಡ್ ಮಾರಿ ಬಂದ ದೀರ್ಘಾವಧಿ ಲಾಭ (ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ್ದು) 1.25 ಲಕ್ಷದೊಳಗಿದ್ದರೆ ಅದನ್ನೂ ಇದರಲ್ಲೇ ತೋರಿಸಲು 2025-26ನೇ ಅಸೆಸ್‌ಮೆಂಟ್ ವರ್ಷದಿಂದ ಅವಕಾಶ ಕೊಟ್ಟಿದ್ದಾರೆ. ಅಲ್ಪಾವಧಿ ಲಾಭ ಒಂದು ರೂಪಾಯಿ ಇದ್ದರೂ ಐಟಿಆರ್-2.

ವಿದೇಶಿ ಷೇರು, ವಿದೇಶಿ ಬ್ಯಾಂಕ್ ಖಾತೆ ಇದ್ದರೂ ಐಟಿಆರ್-2. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೂ ಸಾಮಾನ್ಯವಾಗಿ ಇದೇ, ಅವರಿಗೆ ‘ಸಹಜ್’ ಬಾಗಿಲು ಮುಚ್ಚಿದೆ. ವ್ಯಾಪಾರ ಇದ್ದರೆ, ಷೇರುಪೇಟೆಯಲ್ಲಿ ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ್ದರೆ ಐಟಿಆರ್-3. ಲೆಕ್ಕಪುಸ್ತಕ ಇಡದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು, ಡಾಕ್ಟರು, ವಕೀಲರಿಗೆ ಐಟಿಆರ್-4.

ಈಗ ತೋಟದ ವಿಷಯ. ಬೆಂಗಳೂರಲ್ಲಿ ಸಂಬಳ, ಶಿರಸಿಯಲ್ಲೋ ತೀರ್ಥಹಳ್ಳಿಯಲ್ಲೋ ಅಡಿಕೆ ಇರುವವರು ಇಲ್ಲೇ ಎಡವುವುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಲ್ವಾ, ಬರೆಯುವುದು ಯಾಕೆ ಅನ್ನುತ್ತಾರೆ. ಆದರೆ ಅದು ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ಬಳಸುವಂತಿಲ್ಲ. ಸಂಬಳದ ಮೇಲಿನ ತೆರಿಗೆ ದರ ಲೆಕ್ಕ ಹಾಕುವಾಗ ಆ ಮೊತ್ತವೂ ಗಣನೆಗೆ ಬರುತ್ತದೆ. 5 ಲಕ್ಷ ದಾಟಿದರೆ ಜಮೀನು ಇರುವ ಜಿಲ್ಲೆ, ಪಿನ್ ಕೋಡ್, ಎಕರೆ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಕೇಳುತ್ತಾರೆ. ಕಾಫಿ ಇನ್ನೂ ಬೇರೆ. ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ 25 ಶೇಕಡ, ಹುರಿದು ಪುಡಿ ಮಾಡಿ ಮಾರಿದರೆ 40 ಶೇಕಡ ವ್ಯಾಪಾರದ ಆದಾಯ ಎಂದೇ ಲೆಕ್ಕ. ಮನೆ ಬಳಕೆಯ ಸಾಫ್ಟ್‌ವೇರ್ ನಂಬಿ ಇದನ್ನು ಮಾಡಲು ಹೋಗಬೇಡಿ. ಕೊಡಗಿನವರು, ಚಿಕ್ಕಮಗಳೂರಿನವರು ಕಾಫಿ ಲೆಕ್ಕ ಗೊತ್ತಿರುವ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರವೇ ಹೋಗುವುದು ಮೇಲು.

3. ಕಾಗದಗಳನ್ನು ಒಟ್ಟು ಮಾಡಿ

ಸಾಫ್ಟ್‌ವೇರ್ ತೆರೆಯುವ ಮುಂಚೆ ಇವು ಒಂದೇ ಫೋಲ್ಡರಿನಲ್ಲಿರಲಿ.

ಫಾರಂ 16: ಕೊಟ್ಟ ಸಂಬಳ, ಹಿಡಿದ ತೆರಿಗೆಯ ಲೆಕ್ಕ. ನಿಮ್ಮ ಕಂಪನಿ ಜೂನ್ 15ರೊಳಗೆ ಕೊಡಬೇಕು.

ಫಾರಂ 26ಎಎಸ್: ನಿಮ್ಮ ಪ್ಯಾನ್ ಹೆಸರಿಗೆ ಯಾರು ಯಾರು ಎಷ್ಟು ಟಿಡಿಎಸ್ ಕಟ್ಟಿದ್ದಾರೆ ಎನ್ನುವ ಪಟ್ಟಿ. ಟಿಡಿಎಸ್ ಅಂದರೆ ದುಡ್ಡು ನಿಮ್ಮ ಕೈಗೆ ಬರುವ ಮುಂಚೆಯೇ ಮುರಿದುಕೊಂಡ ತೆರಿಗೆ.

ಎಐಎಸ್: ಬಡ್ಡಿ, ಡಿವಿಡೆಂಡ್, ಷೇರು ಮಾರಾಟ ಹೀಗೆ ಇಲಾಖೆಗೆ ನಿಮ್ಮ ಬಗ್ಗೆ ಗೊತ್ತಿರುವ ವ್ಯವಹಾರಗಳ ವಾರ್ಷಿಕ ಪಟ್ಟಿ. ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಬಹುದು. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ. ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿದಂತೆ ಹುಟ್ಟಿದ ದಿನ, ತಿಂಗಳು, ವರ್ಷ ಎಂಟು ಅಂಕಿಯಲ್ಲಿ. ನಡುವೆ ಜಾಗ ಬಿಡಬೇಡಿ.

ಷೇರು, ಫಂಡ್ ಇದ್ದರೆ ಬ್ರೋಕರ್ ಕೊಡುವ ಬಂಡವಾಳ ಲಾಭದ, ಅಂದರೆ ಮಾರಿ ಬಂದ ಲಾಭದ, ಪಟ್ಟಿ. ಮ್ಯೂಚುವಲ್ ಫಂಡ್‌ಗಳದ್ದು ಕ್ಯಾಮ್ಸ್, ಕೆಫಿನ್‌ಟೆಕ್ ತಾಣಗಳಲ್ಲಿ ಸಿಗುತ್ತದೆ. ಎಐಎಸ್‌ನಲ್ಲಿ ಮಾರಿದ ಮೊತ್ತ ಬಂದಿದ್ದರೂ ಕೊಂಡ ಬೆಲೆ ಕೆಲವೊಮ್ಮೆ ಖಾಲಿ ಇರುತ್ತದೆ, ಅದನ್ನೇ ನಂಬಿದರೆ ಮಾರಿದ್ದಷ್ಟೂ ಲಾಭ ಎಂದಾಗುತ್ತದೆ.

ಎಐಎಸ್‌ನಲ್ಲಿ ಇಲ್ಲದ್ದಕ್ಕೆ ತೆರಿಗೆ ಇಲ್ಲ ಅಂದುಕೊಳ್ಳಬೇಡಿ. ಊರಿನ ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ಠೇವಣಿಯ ಬಡ್ಡಿ ಅಲ್ಲಿ ಕಾಣಿಸದಿರಬಹುದು. ತೋರಿಸುವ ಜವಾಬ್ದಾರಿ ನಿಮ್ಮದೇ.

4. ಮನೆ ಲೆಕ್ಕಕ್ಕೆ ಯಾವುದು?

ಮೂರು ದಾರಿಗಳಿವೆ. ನನ್ನ ಓಟು ಮೊದಲನೆಯದಕ್ಕೆ.

ಸ್ಪ್ರೆಡ್‌ಶೀಟ್: ಎಕ್ಸೆಲ್, ಗೂಗಲ್ ಶೀಟ್ಸ್, ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್, ಯಾವುದಾದರೂ ಸರಿ. ದಿನಾಂಕ, ಯಾವ ಖಾತೆಯಿಂದ, ಯಾವುದಕ್ಕೆ, ಎಷ್ಟು ಎಂದು ನಾಲ್ಕು ಕಾಲಂ. ಐದನೆಯದಕ್ಕೆ ‘ತೆರಿಗೆ’ ಎಂದು ಹೆಸರಿಡಿ. ಎಲ್‌ಐಸಿ ಕಂತು, ಮಕ್ಕಳ ಟ್ಯೂಷನ್ ಫೀ, ಮನೆ ಬಾಡಿಗೆ, ಆರೋಗ್ಯ ವಿಮೆ, ಎಫ್‌ಡಿ ಬಡ್ಡಿ ಇಂಥ ಸಾಲು ಬಂದಾಗ ಅಲ್ಲಿ ‘ಹೌದು’ ಎಂದು ಬರೆಯಿರಿ. ಬೇರೆ ಸಾಲುಗಳಲ್ಲಿ ಖಾಲಿ ಬಿಡಿ. ಜೂನ್‌ನಲ್ಲಿ ಆ ಕಾಲಂ ಫಿಲ್ಟರ್ ಮಾಡಿದರೆ ರಿಟರ್ನ್‌ಗೆ ಬೇಕಾದದ್ದು ಅಷ್ಟೂ ಒಂದೇ ಪುಟದಲ್ಲಿ ಬಂದು ಕೂರುತ್ತದೆ. ಇಷ್ಟು ಕೆಲಸವನ್ನು ಇಷ್ಟು ಸುಲಭವಾಗಿ ಮಾಡುವ ಆ್ಯಪ್ ನಾನು ಕಂಡಿಲ್ಲ.

ಎರಡನೆಯದು ಗ್ನೂಕ್ಯಾಶ್‌ನಂಥ ಕಂಪ್ಯೂಟರ್ ಸಾಫ್ಟ್‌ವೇರ್. ಉಚಿತ, ಮುಕ್ತ ತಂತ್ರಾಂಶ, ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಇದು ಜೋಡಿ ನಮೂದು (ಡಬಲ್ ಎಂಟ್ರಿ) ಪದ್ಧತಿಯಲ್ಲಿ ನಡೆಯುತ್ತದೆ, ಅಂದರೆ ಪ್ರತಿ ವ್ಯವಹಾರವನ್ನೂ ಹೋದ ಖಾತೆ, ಬಂದ ಖಾತೆ ಎರಡರಲ್ಲೂ ಬರೆಯುತ್ತದೆ. ಕಾಮರ್ಸ್ ಓದಿದವರಿಗೆ ಹಬ್ಬ. ಬೇರೆಯವರಿಗೆ ಮೊದಮೊದಲು ತಲೆಬಿಸಿ.

ಮೂರನೆಯದು ಮೊಬೈಲ್ ಆ್ಯಪ್. ಬ್ಯಾಂಕಿನ ಎಸ್‌ಎಂಎಸ್ ಓದಿ ಖರ್ಚನ್ನು ತಾನೇ ಬರೆದುಕೊಳ್ಳುವುದು ಇವುಗಳ ಆಕರ್ಷಣೆ, ತೊಂದರೆಯೂ ಅದರಿಂದಲೇ. ಕ್ರೆಡಿಟ್ ಕಾರ್ಡಿನಲ್ಲಿ 3,000 ರೂಪಾಯಿ ಸಾಮಾನು ಕೊಂಡಿರಿ ಅನ್ನಿ. ಆಗೊಂದು ಎಸ್‌ಎಂಎಸ್, ಮುಂದಿನ ತಿಂಗಳು ಕಾರ್ಡ್ ಬಿಲ್ ಕಟ್ಟಿದಾಗ ಇನ್ನೊಂದು. ಕೆಲವು ಆ್ಯಪ್‌ಗಳ ಲೆಕ್ಕದಲ್ಲಿ ಖರ್ಚು 6,000 ಆಗಿಬಿಡುತ್ತದೆ. ಆ್ಯಪ್ ಹಾಕಿಕೊಂಡ ದಿನವೇ ನಿಮ್ಮ ಒಂದು ಬ್ಯಾಂಕಿನಿಂದ ನಿಮ್ಮದೇ ಇನ್ನೊಂದು ಬ್ಯಾಂಕಿಗೆ 100 ರೂಪಾಯಿ ಕಳಿಸಿ ನೋಡಿ. ಅದನ್ನು ಆದಾಯ ಎಂದು ತೋರಿಸಿದರೆ ಆ ಆ್ಯಪ್ ಬೇಡ.

ಯಾವುದನ್ನೇ ಆರಿಸಿ, ಸಿಎಸ್‌ವಿ ಅಥವಾ ಎಕ್ಸೆಲ್ ರೂಪದಲ್ಲಿ ಲೆಕ್ಕ ಹೊರಗೆ ತೆಗೆಯಲು ಬರುತ್ತದಾ ನೋಡಿಕೊಳ್ಳಿ. ಅಮೆರಿಕದಲ್ಲಿ ಮನೆಮಾತಾಗಿದ್ದ ಮಿಂಟ್ ಆ್ಯಪನ್ನು ಅದರ ಒಡೆಯರಾದ ಇಂಟ್ಯೂಟ್ ಕಂಪನಿ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅಷ್ಟು ದೊಡ್ಡದೇ ಮುಚ್ಚಿದ ಮೇಲೆ ಉಳಿದವುಗಳ ಗ್ಯಾರಂಟಿ ಏನು?

ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳುವ ಆ್ಯಪ್‌ಗೆ ಕೈ ಮುಗಿದು ಹೊರಬನ್ನಿ. ಬ್ಯಾಂಕಿನ ವಿವರ ತರಿಸಿಕೊಳ್ಳಲು ಅಕೌಂಟ್ ಅಗ್ರಿಗೇಟರ್ ಎನ್ನುವ ಸರಿಯಾದ ದಾರಿ ಇದೆ. ಇವು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಂಸ್ಥೆಗಳು. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಮಾಹಿತಿಯನ್ನು ಬ್ಯಾಂಕಿನಿಂದ ಆ್ಯಪ್‌ಗೆ ದಾಟಿಸುತ್ತವೆ, ತಾವು ತೆರೆದು ನೋಡುವಂತಿಲ್ಲ. ಒಪ್ಪಿಗೆ ಕೊಡುವ ಪರದೆಯಲ್ಲಿ ಯಾವ ಉದ್ದೇಶಕ್ಕೆ, ಎಷ್ಟು ದಿನಕ್ಕೆ ಅಂತ ಬರೆದಿರುತ್ತದೆ. ಓದದೆ ಒತ್ತಬೇಡಿ. ಬೇಡವಾದಾಗ ಒಪ್ಪಿಗೆ ವಾಪಸ್ ಪಡೆಯಬಹುದು.

5. ರಿಟರ್ನ್‌ಗೆ ಯಾವುದು?

ಮೊದಲು ಇಲಾಖೆಯ ಪೋರ್ಟಲ್ ನೋಡಿ. ಈಗಿನ ಪೋರ್ಟಲ್ ಶುರುವಾದದ್ದು 2021ರ ಜೂನ್‌ನಲ್ಲಿ. ಆರಂಭದ ತಿಂಗಳುಗಳಲ್ಲಿ ಜನ ಅದನ್ನು ಬೈದದ್ದು ನೆನಪಿರಬಹುದು, ಈಗ ಪರಿಸ್ಥಿತಿ ಎಷ್ಟೋ ವಾಸಿ. ಸಂಬಳ, ಟಿಡಿಎಸ್, ಬಡ್ಡಿ ಮೊದಲೇ ತುಂಬಿಕೊಂಡು ಬರುತ್ತವೆ. ಕಂಪ್ಯೂಟರಿಗೆ ಇಳಿಸಿಕೊಂಡು ತುಂಬುವ ಉಚಿತ ಯುಟಿಲಿಟಿ ಕೂಡ ಅಲ್ಲೇ ಇದೆ. ಇಂಟರ್‌ನೆಟ್ ಆಗಾಗ ಕೈಕೊಡುವ ಊರಿನವರಿಗೆ ಅದು ಅನುಕೂಲ.

ಖಾಸಗಿ ತಾಣಗಳು ಬೇಕಾಗುವುದು ಎಲ್ಲಿ? ಷೇರು ಫಂಡ್‌ಗಳ ಸಾಲುಗಳು ಜಾಸ್ತಿ ಇದ್ದಾಗ. 2018ರ ಜನವರಿ 31 ಅಥವಾ ಅದಕ್ಕೂ ಮುಂಚೆ ಕೊಂಡ ಷೇರುಗಳನ್ನು ಮಾರಿದ್ದರೆ ಒಂದೊಂದರ ವಿವರ ಬೇರೆ ಬೇರೆ ಬರೆಯಬೇಕು. ಕ್ಲಿಯರ್‌ಟ್ಯಾಕ್ಸ್, ಕ್ವಿಕೋದಂಥ ತಾಣಗಳು ಬ್ರೋಕರ್ ಪಟ್ಟಿಯನ್ನು ನೇರವಾಗಿ ಓದಿಕೊಳ್ಳುತ್ತವೆ. ಅಲ್ಲಿ ಕೊಡುವ ದುಡ್ಡಿಗೆ ಅರ್ಥ ಇದೆ. ಐಟಿಆರ್-1ಕ್ಕೆ ದುಡ್ಡು ಕೊಡುವುದು ಸುಮ್ನೆ ದಂಡ.

ಖಾಸಗಿ ತಾಣ ಇಲಾಖೆಯಲ್ಲಿ ಇ-ರಿಟರ್ನ್ ಮಧ್ಯವರ್ತಿಯಾಗಿ ನೋಂದಣಿ ಆಗಿರಬೇಕು. ಇವರನ್ನು ಇಆರ್‌ಐ ಎನ್ನುತ್ತಾರೆ. ನಿಮ್ಮ ಮೊಬೈಲಿಗೆ ಬರುವ ಒಟಿಪಿಯಿಂದ ಅವರಿಗೆ ಅನುಮತಿ ಸಿಗುತ್ತದೆ, ಪೋರ್ಟಲ್ ಪಾಸ್‌ವರ್ಡ್ ಕೊಡುವ ಅಗತ್ಯವಿಲ್ಲ. ‘ಉಚಿತ’ ಎಂದು ಶುರುಮಾಡಿ, ಬಂಡವಾಳ ಲಾಭದ ಪುಟಕ್ಕೆ ಬಂದ ಕೂಡಲೇ ಶುಲ್ಕ ಕೇಳುವುದು ಮಾಮೂಲು. ದರಪಟ್ಟಿಯಲ್ಲಿ ನಿಮ್ಮ ಐಟಿಆರ್ ಸಂಖ್ಯೆ ಎಲ್ಲಿದೆ ಎಂದು ಮೊದಲೇ ನೋಡಿ.

6. ದುಡ್ಡು ಕಟ್ಟುವ ಮುಂಚೆ ಪರೀಕ್ಷೆ ಮಾಡಿ

ಬಹಳಷ್ಟು ತಾಣಗಳು ಎಲ್ಲ ತುಂಬಿ ತೆರಿಗೆ ಎಷ್ಟು ಎಂದು ನೋಡುವವರೆಗೂ ಬಿಡುತ್ತವೆ, ಕೊನೆಗೆ ದುಡ್ಡು ಕೇಳುತ್ತವೆ. ಅದನ್ನು ಬಳಸಿಕೊಳ್ಳಿ. ಕೆಳಗಿನ ಅಂಕಿಗಳನ್ನು ಹಾಕಿ ನೋಡಿ.

ರಿಬೇಟ್ ಪರೀಕ್ಷೆ: ಹೊಸ ತೆರಿಗೆ ಪದ್ಧತಿ ಆರಿಸಿ, ಅಂದರೆ ದರವೂ ಕಡಿಮೆ, ಕಡಿತಗಳೂ ಕಡಿಮೆ ಇರುವುದು (ಮೇಲೆ ಹೇಳಿದ ಹೊಸ ಕಾಯ್ದೆ ಬೇರೆ, ಇದು ಬೇರೆ). ಸಂಬಳ 10,75,000, ಲಿಸ್ಟೆಡ್ ಷೇರಿನ ಅಲ್ಪಾವಧಿ ಲಾಭ 1,00,000 ಎಂದು ಹಾಕಿ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದಾರರಿಗೆಲ್ಲ ಸಿಗುವ ನಿಗದಿತ ಕಡಿತ, ಕಳೆದರೆ ಸಂಬಳ 10 ಲಕ್ಷ, ಒಟ್ಟು 11 ಲಕ್ಷ. 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಎಲ್ಲರೂ ಕೇಳಿದ್ದೇವೆ. ಆದರೆ ಆ ರಿಬೇಟ್, ಅಂದರೆ ತೆರಿಗೆ ಮನ್ನಾ, ಸಂಬಳದ ಮೇಲಿನ ತೆರಿಗೆಗೆ ಮಾತ್ರ, ಷೇರಿನ ಲಾಭಕ್ಕಿಲ್ಲ. ಲಾಭದ ಮೇಲೆ 20 ಶೇಕಡ, ಅದರ ಮೇಲೆ 4 ಶೇಕಡ ಸೆಸ್ ಸೇರಿ 20,800 ಬರಬೇಕು. ಸೊನ್ನೆ ತೋರಿಸಿದರೆ ಸಾಫ್ಟ್‌ವೇರ್ ಹಳತಾಗಿದೆ.

ಬೆಂಗಳೂರು ಪರೀಕ್ಷೆ: ಹಳೇ ಪದ್ಧತಿಯಲ್ಲಿ ಉಳಿದು ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಕೇಳುವವರಿಗೆ ಇದು. ತಿಂಗಳಿಗೆ ಮೂಲ ವೇತನ 40,000, ಬಾಡಿಗೆ ಭತ್ಯೆ 20,000, ಕಟ್ಟುವ ಬಾಡಿಗೆ 22,000, ಊರು ಬೆಂಗಳೂರು ಎಂದು ಹಾಕಿ. ವರ್ಷದ ವಿನಾಯಿತಿ 1,92,000 ಬರಬೇಕು. 2,16,000 ಬಂದರೆ ಅದು ಬೆಂಗಳೂರನ್ನು ಮೆಟ್ರೋ ಎಂದು ಲೆಕ್ಕ ಹಾಕಿದೆ. 2025-26ರ ಆದಾಯಕ್ಕೆ ಅನ್ವಯಿಸುವ ನಿಯಮದಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ ಮೂಲ ವೇತನದ 50 ಶೇಕಡ ಮಿತಿ, ನಮ್ಮೂರಿಗೆ 40. ಊರಿಗೆ ಮೆಟ್ರೋ ರೈಲು ಬಂದಿದ್ದರೂ ಆ ವರ್ಷದ ನಿಯಮಕ್ಕೆ ನಮ್ಮೂರು ಮೆಟ್ರೋ ಅಲ್ಲ.

ಎರಡು ಫಾರಂ 16 ಪರೀಕ್ಷೆ: ವರ್ಷದ ಮಧ್ಯೆ ಕೆಲಸ ಬದಲಿಸಿದವರಿಗೆ ಹೊಸ ಪದ್ಧತಿಯಲ್ಲಿ ಇಬ್ಬರು ಮಾಲೀಕರೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟಿರುತ್ತಾರೆ. ಎರಡೂ ಪಿಡಿಎಫ್ ಹಾಕಿದ ಮೇಲೆ ಕಡಿತ 1,50,000 ಎಂದು ಕಂಡರೆ ತಪ್ಪು. ನಿಮಗೆ ಸಿಗುವುದು ಒಂದೇ ಸಲ. ಮೊದಲ ಕೆಲಸದ ಸಂಬಳ ಎರಡನೆಯವರಿಗೆ ಹೇಳದೆ ಇದ್ದರೆ ಕೈಯಿಂದ ತೆರಿಗೆ ಕಟ್ಟುವುದು ಬರುತ್ತದೆ. ಆಗ ಸಾಫ್ಟ್‌ವೇರನ್ನು ಬೈಯಬೇಡಿ.

ಆರ್‌ಎಸ್‌ಯು ಪರೀಕ್ಷೆ: ಆರ್‌ಎಸ್‌ಯು ಅಂದರೆ ಕಂಪನಿ ಸಂಬಳದ ಭಾಗವಾಗಿ ಕೊಡುವ ಷೇರು. ವೈಟ್‌ಫೀಲ್ಡ್, ಮಾನ್ಯತಾ ಟೆಕ್ ಪಾರ್ಕ್‌ಗಳಲ್ಲಿ ಇರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಷೇರು ಕೈಗೆ ಬಂದ ದಿನದ ಬೆಲೆ ಈಗಾಗಲೇ ಫಾರಂ 16ರಲ್ಲಿ ಸಂಬಳವಾಗಿ ಸೇರಿ ತೆರಿಗೆಯೂ ಕಟ್ಟಿಯಾಗಿದೆ. ಹಾಗಾಗಿ ಮಾರುವಾಗ ಆ ದಿನದ ಬೆಲೆಯೇ ನಿಮ್ಮ ಖರೀದಿ ಬೆಲೆ. ಅಲ್ಲಿ ಸೊನ್ನೆ ಇದ್ದರೆ ಒಂದೇ ದುಡ್ಡಿಗೆ ಎರಡು ಸಲ ತೆರಿಗೆ. ವಿದೇಶಿ ಷೇರು ಮಾರದೆ ಇಟ್ಟುಕೊಂಡಿದ್ದರೂ ಶೆಡ್ಯೂಲ್ ಎಫ್‌ಎ ಎನ್ನುವ ಪಟ್ಟಿ ತುಂಬಲೇಬೇಕು. ಅದು ಏಪ್ರಿಲ್-ಮಾರ್ಚ್ ಲೆಕ್ಕವಲ್ಲ, 2025ರ ಜನವರಿಯಿಂದ ಡಿಸೆಂಬರ್‌ವರೆಗಿನದು. ಸಾಫ್ಟ್‌ವೇರ್‌ನಲ್ಲಿ ಈ ಪಟ್ಟಿಯೇ ಇಲ್ಲ ಅಂದರೆ ಅದು ನಿಮಗಲ್ಲ.

ಕೊನೆಗೆ ಹೋದ ವರ್ಷದ ರಿಟರ್ನ್ ಪಕ್ಕದಲ್ಲಿಟ್ಟು ಕಣ್ಣು ಹಾಯಿಸಿ. ಹೆಸರು, ಬ್ಯಾಂಕ್ ಖಾತೆ, ಹಿಂದಿನ ನಷ್ಟ ಬಂದಿದೆಯಾ? ಷೇರಿನ ಹಳೇ ನಷ್ಟವನ್ನು ಬಿಟ್ಟುಬಿಡುವ ಸಾಫ್ಟ್‌ವೇರ್ ನಿಮ್ಮ ದುಡ್ಡನ್ನೇ ಬಿಟ್ಟಂತೆ.

7. ರಿಫಂಡ್ ಆಸೆ ತೋರಿಸುವವರಿಂದ ದೂರವಿರಿ

‘ರಿಫಂಡ್ ಗ್ಯಾರಂಟಿ’ ಎನ್ನುವವರು ಮಾಡುವುದು ಸಾಮಾನ್ಯವಾಗಿ ಒಂದೇ ಕೆಲಸ. ಕೊಡದ ದೇಣಿಗೆ, ಕಟ್ಟದ ಬಾಡಿಗೆ, ಇಲ್ಲದ ಕಾಯಿಲೆ ಬರೆದು ತೆರಿಗೆ ಇಳಿಸುವುದು. 2025ರ ಜುಲೈನಲ್ಲಿ ಇಂಥ ಸುಳ್ಳು ಕಡಿತಗಳ ಮೇಲೆ ಇಲಾಖೆ ದೇಶದ ಹಲವೆಡೆ ತಪಾಸಣೆ ನಡೆಸಿತು. ಸಿಕ್ಕಿಬಿದ್ದಾಗ ನೋಟಿಸ್ ಬರುವುದು ಪ್ಯಾನ್ ಇರುವವರಿಗೆ, ತುಂಬಿಕೊಟ್ಟವರಿಗಲ್ಲ. ತಪ್ಪು ಮಾಹಿತಿ ಎಂದು ಸಾಬೀತಾದರೆ ಉಳಿಸಿದ ತೆರಿಗೆಯ 200 ಶೇಕಡ ದಂಡಕ್ಕೆ ಕಾಯ್ದೆಯಲ್ಲಿ ಅವಕಾಶ ಇದೆ.

ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ಮೊಬೈಲ್ ಸಂಖ್ಯೆ, ಇಮೇಲ್ ನಿಮ್ಮದೇ ಇರಲಿ. ಬೇರೆಯವರು ತುಂಬಿಕೊಟ್ಟ ಎಷ್ಟೋ ಖಾತೆಗಳಲ್ಲಿ ಅವರ ನಂಬರೇ ಇರುತ್ತದೆ, ನೋಟಿಸ್ ಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

8. ಸಲ್ಲಿಸಿ, ವೆರಿಫೈ ಮಾಡಿ, ಬಾಗಿಲು ಹಾಕಿ

ಐಟಿಆರ್-1, ಐಟಿಆರ್-2ಕ್ಕೆ ಕೊನೆಯ ದಿನ ಜುಲೈ 31. ಮುಂದೂಡುತ್ತಾರೆ ಎಂದು ಕಾಯಬೇಡಿ. ತಡವಾದರೆ 5,000 ರೂಪಾಯಿ ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಹೊಸ ಪದ್ಧತಿ ತಾನಾಗಿ ಅನ್ವಯವಾಗುವಂಥದ್ದು, ಹಳೇದು ಬೇಕಾದವರು ಗಡುವಿನೊಳಗೇ ಆರಿಸಬೇಕು. ಗಡುವು ದಾಟಿದರೆ ಗೃಹಸಾಲದ ಬಡ್ಡಿ, 80ಸಿ (ಎಲ್‌ಐಸಿ ಕಂತು, ಟ್ಯೂಷನ್ ಫೀಯಂಥವುಗಳ ಕಡಿತ) ಎಂದು ಲೆಕ್ಕ ಹಾಕಿಕೊಂಡದ್ದೆಲ್ಲ ವ್ಯರ್ಥ.

ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು. ಆಧಾರ್ ಒಟಿಪಿ ಸಾಕು. ಆಗದಿದ್ದರೆ ಐಟಿಆರ್-ವಿ ಎನ್ನುವ ಹಾಳೆಗೆ ಸಹಿ ಹಾಕಿ ಬೆಂಗಳೂರು 560500, ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಿ. ಖಾಸಗಿ ತಾಣದಲ್ಲಿ ‘ಯಶಸ್ವಿ’ ಎಂದು ಬಂದರೂ ಇಲಾಖೆಯ ಪೋರ್ಟಲ್‌ಗೆ ಹೋಗಿ ವೆರಿಫೈ ಆಗಿದೆಯಾ ನೋಡಿ. ರಿಫಂಡ್ ಬರಬೇಕಾದ ಬ್ಯಾಂಕ್ ಖಾತೆ ಅಲ್ಲಿ ವ್ಯಾಲಿಡೇಟ್ ಆಗಿದೆಯಾ ಎಂದೂ ನೋಡಿ.

ರಿಟರ್ನ್‌ನ ಪಿಡಿಎಫ್ ಮತ್ತು ಜೇಸನ್ ಫೈಲ್ ಎರಡನ್ನೂ ಇಳಿಸಿಟ್ಟುಕೊಳ್ಳಿ. ಜೇಸನ್ ಅಂದರೆ ನೀವು ತುಂಬಿದ ಅಂಕಿಗಳನ್ನು ಸಾಫ್ಟ್‌ವೇರ್‌ಗಳು ಓದುವ ರೂಪದಲ್ಲಿ ಇಟ್ಟ ಕಡತ. ಮುಂದಿನ ವರ್ಷ ಬೇರೆ ಸಾಫ್ಟ್‌ವೇರ್‌ಗೆ ಹೋದರೂ ನಿಮ್ಮ ಲೆಕ್ಕ ನಿಮ್ಮ ಹತ್ತಿರವೇ ಇರುತ್ತದೆ. ಖಾಸಗಿ ತಾಣ ಬಳಸಿದ್ದರೆ ರಿಫಂಡ್ ಬಂದ ಮೇಲೆ ಪೋರ್ಟಲ್‌ನ ‘ಆಥರೈಸ್ಡ್ ಪಾರ್ಟ್‌ನರ್ಸ್’ ಮೆನುವಿನಲ್ಲಿ ‘ಮೈ ಇಆರ್‌ಐ’ ತೆರೆಯಿರಿ. ಅವರ ಹೆಸರು ಅಲ್ಲಿರುತ್ತದೆ. ಡಿಆ್ಯಕ್ಟಿವೇಟ್ ಮಾಡಿ ಲಾಗೌಟ್ ಆಗಿ.